ಮುಂಬಾಗಿಲು ಯಾರಿಗೆ?

ಮಾರ್ಚ್ 4

ಇವತ್ತು ತಂಗಿ ಹಿಸ್ಕೆ ನಮ್ಮ ಮುಂಬಾಗಿಲಿಗೆ ಬೆರಳು ತೂರಿಸಿದಳು. ಸಂದಿಗಲ್ಲ, ಮರದೊಳಕ್ಕೇ. ಕೆಳಗಿನ ಹಲಗೆ ನೆನೆದ ಬ್ರೆಡ್ಡಿನಂತಾಗಿದೆ.

"ನೋಡು ವೊಬ್ಬೆ, ಇಲಿ ಸಂಸಾರ ಸಮೇತ ಒಳಗೆ ಬರ್ಬೋದು ಇಲ್ಲಿಂದ. ಬಾಗಿಲು ಬದಲಾಯಿಸೋಣ" ಎಂದಳು.

"ಯಾರೂ ತೆಗೀದಿರೋ ಬಾಗಿಲಿಗೆ ದುಡ್ಡು ಸುರಿಯೋದಾ? ನಾನೇನು ನೋಟು ಅಚ್ಚು ಹಾಕ್ತೀನಾ?" ಎಂದು ರೇಗಿದೆ. ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಫ್ರೀಸ್‌ಲಾಂಡಿನ ನಮ್ಮ ಕಡೆ ನೆಂಟರಿರಲಿ, ಪಾದ್ರಿಯಿರಲಿ, ಡಾಕ್ಟರಿರಲಿ, ಎಲ್ಲರೂ ಬರುವುದು ಹಿತ್ತಲ ಬಾಗಿಲಿಂದಲೇ. ಮುಂಬಾಗಿಲು ತೆರೆಯುವುದು ಮದುಮಗಳಿಗೆ, ಇಲ್ಲವೇ ಹೆಣಕ್ಕೆ. ನಲವತ್ತು ವರ್ಷ ಹಾಲಿನ ಲಾರಿ ಓಡಿಸಿದ ನನಗೆ ಸುತ್ತಲಿನ ಎಲ್ಲ ಮನೆಗಳ ಹಿತ್ತಲೂ ಗೊತ್ತು. ಯಾರ ಮುಂಬಾಗಿಲಿಗೆ ಯಾವ ಬಣ್ಣ ಎಂದು ಕೇಳಿದರೆ ತಡವರಿಸುತ್ತೇನೆ. ನಮ್ಮದನ್ನು ಕೊನೆಯ ಸಲ ತೆರೆದದ್ದು ಅಮ್ಮ ಹೋದಾಗ. ಅದಕ್ಕೆ ಹೊರಗಡೆ ಹಿಡಿಕೆ ಕೂಡ ಇಲ್ಲ.

ಹಿಸ್ಕೆ ಬೆರಳು ಒರೆಸಿಕೊಂಡು, ನನ್ನ ಮುಖ ನೋಡದೆ, "ಉಪಯೋಗಕ್ಕೆ ಬರುತ್ತೆ ಕಣೋ. ಈ ಬೇಸಿಗೆ ಮುಗಿಯೋದ್ರೊಳಗೇ ಬರುತ್ತೆ" ಎಂದು ಬಟ್ಟೆ ಒಣಹಾಕಲು ಹೋದಳು.

ಫೆಬ್ರವರಿಯಲ್ಲಿ ಅವಳು ಕಾರು ತೆಗೆದುಕೊಂಡು ಎರಡು ಸಲ ಸ್ನೇಕ್ ಪಟ್ಟಣದ ಆಸ್ಪತ್ರೆಗೆ ಹೋಗಿದ್ದಳು. ಯಾಕೆಂದು ಕೇಳಿದ್ದಕ್ಕೆ, "ಎಲ್ಲಾ ನಿಂಗೆ ಹೇಳ್ಬೇಕಾ?" ಎಂದಿದ್ದಳು. ಅಮ್ಮನಿಗೂ ಹೀಗೇ ಶುರುವಾಗಿತ್ತು. ಮೊದಲು ಆಸ್ಪತ್ರೆ, ಆಮೇಲೆ ಮೌನ.

ಅವಳಿಗೆ ಐವತ್ತೆಂಟು. ನನಗಿಂತ ಆರು ವರ್ಷ ಚಿಕ್ಕವಳು. ಇಬ್ಬರೂ ಮದುವೆಯಾಗದೆ, ಇದೇ ಮನೆಯಲ್ಲಿ ದಿನಾ ಕಿತ್ತಾಡಿಕೊಂಡು ಸುಖವಾಗಿದ್ದೇವೆ. ಸರದಿಯ ಪ್ರಕಾರ ಹೋದರೆ ಮೊದಲು ನಾನು ಹೋಗಬೇಕು.

ಮಾರ್ಚ್ 6

ಏನೂ ಕೇಳಲಿಲ್ಲ. ನಮ್ಮ ವಂಶದಲ್ಲಿ ಕೇಳುವ ಪದ್ಧತಿಯೇ ಇಲ್ಲ. ಊಟವಾದ ಮೇಲೆ ಪಾತ್ರೆ ತೊಳೆದೆ.

"ಹುಷಾರಿದ್ದೀಯಾ?" ಎಂದು ಅವಳೇ ನನ್ನ ಹಣೆ ಮುಟ್ಟಿ ನೋಡಿದಳು.

ಮಾರ್ಚ್ 11

ಬಡಗಿ ಸಿಟ್ಸೆ ಬಂದಿದ್ದ. ಹಿತ್ತಲಿಂದಲೇ ಬಂದ, ಕಾಫಿ ಕುಡಿದ, ಇನ್ನೊಂದು ಕಾಫಿ ಕುಡಿದ, ಬಾಗಿಲಿನ ಬಳಿಗೆ ಹೋಗಲು ಮಾತ್ರ ಯಾವ ಆತುರವನ್ನೂ ತೋರಿಸಲಿಲ್ಲ. ಬಿಸ್ಕತ್ತು ಒಂದು ಕೊಟ್ಟು ಡಬ್ಬಿ ಮುಚ್ಚುವುದು ನಮ್ಮ ಮನೆಯ ಕ್ರಮ. ಇವತ್ತು ಹಿಸ್ಕೆ ಎರಡನೆಯದನ್ನೂ ಕೊಟ್ಟಳು. ಅವನು ಗಾಬರಿಯಾಗಿ ನನ್ನ ಮುಖ ನೋಡಿದ.

ಕೊನೆಗೆ ಎದ್ದು, ಬಾಗಿಲಿಗೆ ಸ್ಕ್ರೂಡ್ರೈವರ್ ಚುಚ್ಚಿ, ಚೌಕಟ್ಟಿಗೂ ಚುಚ್ಚಿ, ಡಾಕ್ಟರಂತೆ ತಲೆಯಾಡಿಸಿದ. "ವೊಬ್ಬೆ ಮಾಮ, ಬರೀ ಬಾಗಿಲು ಬದಲಾಯ್ಸಿದ್ರೆ ಸಾಲ್ದು. ಚೌಕಟ್ಟೂ ಹೋಗಿದೆ. ಕೊಳೆತ ಚೌಕಟ್ಟಿಗೆ ಹೊಸ ಬಾಗಿಲು ಹಾಕೋದು ಅಂದ್ರೆ ಹಲ್ಲಿಲ್ಲದ ಬಾಯಿಗೆ ಲಿಪ್‌ಸ್ಟಿಕ್ ಹಚ್ಚಿದ ಹಾಗೆ."

ಪ್ಲಾಸ್ಟಿಕ್ಕಿನದಾದರೆ ಎಲ್ಲ ಸೇರಿ ಎರಡು ಸಾವಿರದ ಮುನ್ನೂರು ಯೂರೋ. ಹೊರದೇಶದ ಗಟ್ಟಿ ಮರವಾದರೆ ನಾಲ್ಕು ಸಾವಿರದ ಹತ್ತಿರ. ಓಕ್ ಮರವಾದರೆ ಆರು ಸಾವಿರ. ಹಳೆಯದನ್ನು ಸಾಗಿಸಲು ಬೇರೆ ದುಡ್ಡು. ಬಾಗಿಲು ಕೈಗೆ ಬರಲು ಎಂಟು ವಾರ ಬೇಕಂತೆ. ಎಂಟು ವಾರ ಎಂದಾಗ ನಾನು ಹಿಸ್ಕೆಯ ಕಡೆ ನೋಡಿದೆ. ಅವಳು ಬೆರಳಲ್ಲಿ ಲೆಕ್ಕ ಹಾಕಿ, "ಪರ್ವಾಗಿಲ್ಲ, ಅಷ್ಟು ಟೈಮಿದೆ" ಎಂದಳು. ಎಷ್ಟು ನೆಮ್ಮದಿಯಿಂದ ಹೇಳಿದಳು! ನಾನಾಗಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದೆ.

"ಈಗ ಬರೋ ಹೊಸ ಚೌಕಟ್ಟು ದಪ್ಪ. ಚಳಿ ತಡೀಬೇಕಲ್ಲ. ಹಂಗಾಗಿ ಬಾಗಿಲು ನಾಲ್ಕು ಬೆರಳು ಕಿರಿದಾಗುತ್ತೆ" ಎಂದ ಸಿಟ್ಸೆ.

"ಕಿರಿದಾಗಕೂಡ್ದು" ಎಂದೆ.

"ಯಾಕೆ ಮಾಮ, ಪಿಯಾನೊ ತರ್ತೀರಾ?"

"ಕಿರಿದಾಗಕೂಡ್ದು ಅಂದ್ರೆ ಕಿರಿದಾಗಕೂಡ್ದು. ಗೋಡೆ ಕೊರಿ."

ಅವನು ಹೋಗುವಾಗ ಪಕ್ಕದ ಮನೆಯ ನೀಕೆ ಬೇಲಿಯ ಮೇಲಿಂದ ಕತ್ತು ಚಾಚಿದಳು. ಆ ಕತ್ತು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. "ಮುಂಬಾಗಿಲು ಯಾರಿಗೆ, ವೊಬ್ಬೆ? ಮದ್ವೆಗೋ ಮಣ್ಣಿಗೋ?"

"ಗಾಳಿಗೆ! ಒಳಗೆ ಗಾಳಿ ನುಗ್ತಾ ಇದೆ!" ಎಂದು ಕೂಗಿ ಒಳಗೆ ಬಂದೆ.

ಮಾರ್ಚ್ 14

ಅಗಲ ಎಷ್ಟಿರಬೇಕು ಎನ್ನುವುದನ್ನು ಅಂದಾಜಿಗೆ ಬಿಡುವಂತಿಲ್ಲ. ಅಮ್ಮನನ್ನು ಹೊರತರುವಾಗ ಹೊತ್ತವರ ಬೆರಳು ಚೌಕಟ್ಟಿಗೆ ಉಜ್ಜಿ ರಕ್ತ ಬಂದಿತ್ತು. ಆದ್ದರಿಂದ ಕಾಲುವೆಯಾಚೆ ರೀಂಕ್‌ನ ಮನೆಗೆ ಹೋದೆ. ಚರ್ಚಿನ ಗಂಟೆ ಹೊಡೆಯುವವನು ಅವನೇ. ಊರಿನ ಶವಸಂಸ್ಕಾರ ಸಂಘದ, ಶವಪೆಟ್ಟಿಗೆ ಹೊರುವ ಮರದ ಚಟ್ಟ, ಕರಿ ಬಟ್ಟೆ ಎಲ್ಲ ಇರುವುದು ಅವನ ಸುಪರ್ದಿಯಲ್ಲಿ. ಹೆಂಡತಿ ಹೋಗಿ ಹತ್ತು ವರ್ಷವಾಯಿತು. ತಿನ್ನಲು ಹಾವುಮೀನನ್ನು ಹೊಗೆಯಲ್ಲಿ ಒಣಗಿಸಿಕೊಂಡು ಕಾಲ ಕಳೆಯುತ್ತಾನೆ. ಈ ಚಳಿಗಾಲದಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾನೆ. ಇನ್ನೂ ಕಪ್ಪು ಕನ್ನಡಕ ಬಿಟ್ಟಿಲ್ಲ.

ನನ್ನನ್ನು ಕಂಡದ್ದೇ ಅವನ ಮುಖ ಕೆಂಪಾಯಿತು. "ಹಿಸ್ಕೆ ನಿಂಗೆ ಹೇಳಿದ್ಲಾ?" ಎಂದ.

"ಹೇಳ್ಲಿಲ್ಲ. ನಂಗೇ ಗೊತ್ತಾಯ್ತು. ನಿಂಗೆ ಹೇಳಿದ್ದಾಳಾ?"

"ನಂಗೆ ಹೇಳ್ದೆ ಇನ್ಯಾರಿಗೆ ಹೇಳ್ತಾಳೆ?"

ಚಟ್ಟ ಕಾಯುವವನಿಗೆ ಮೊದಲೇ ತಿಳಿಸಿದ್ದಾಳೆ. ಎಂಥ ಅಚ್ಚುಕಟ್ಟಿನ ಹೆಂಗಸು!

"ನಿಂಗೆ ಬೇಜಾರಿಲ್ವಾ?" ಎಂದು ಅವನೇ ಕೇಳಿದ.

"ಬೇಜಾರಾಗ್ದೆ ಇರುತ್ತಾ ಮಾರಾಯ? ಆದ್ರೆ ಇದೆಲ್ಲ ನಮ್ಮ ಕೈಲಿದೆಯಾ?"

ರೀಂಕ್ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕೈಯಲ್ಲಿ ಮೀನಿನ ಎಣ್ಣೆಯಿತ್ತು. "ನಾನು ಚೆನ್ನಾಗಿ ನೋಡ್ಕೋತೀನಿ, ವೊಬ್ಬೆ. ಒಂದು ಚೂರೂ ಕೊರತೆ ಆಗದ ಹಾಗೆ" ಎಂದ. ಇಷ್ಟು ನಿಷ್ಠೆಯಿಂದ ಸಂಘದ ಕೆಲಸ ಮಾಡುವವನನ್ನು ನಾನು ನೋಡಿಲ್ಲ. ಚಟ್ಟದ ಅಗಲ ಕೇಳಲು ಬಾಯಿ ಬರಲಿಲ್ಲ. ಹೊರಡುವಾಗ ಕೊಟ್ಟಿಗೆಗೆ ನುಗ್ಗಿ ನಾನೇ ಅಳೆದುಕೊಂಡೆ. ಅವನು ಬಾಗಿಲಲ್ಲಿ ಬೆಪ್ಪಾಗಿ ನಿಂತು ನೋಡುತ್ತಿದ್ದ.

ಮಾರ್ಚ್ 19

ಓಕ್ ಎಂದೇ ಹೇಳಿಬಿಟ್ಟೆ. ಅರ್ಧ ದುಡ್ಡು ಮುಂಗಡವಾಗಿ ಕೊಟ್ಟೂ ಬಂದೆ.

ಹಿಸ್ಕೆಗೆ ನಂಬಿಕೆಯೇ ಬರಲಿಲ್ಲ. "ಒಂದು ಟೀ ಪೊಟ್ಟಣ ಎರಡು ಸಲ ಅದ್ದೋನು ನೀನು! ಓಕ್ ಬಾಗಿಲಂತೆ! ತಲೆಗಿಲೆ ಕೆಟ್ಟಿದ್ಯಾ?"

"ಒಳ್ಳೇದೇ ಇರ್ಲಿ. ನಿಂಗೆ ಅಂತ ನಾನು ಇದುವರೆಗೂ ಏನು ಮಾಡಿದ್ದೀನಿ?"

ಅವಳು ಹತ್ತಿರ ಬಂದು ನನ್ನ ಬೋಳುತಲೆಗೆ ಮುತ್ತಿಟ್ಟಳು. "ನಿಂಗೆ ಎಲ್ಲಾ ಅರ್ಥ ಆಗಿದೆ ಅಲ್ವಾ?" ಎಂದಳು. ಹೂಂ ಎಂದೆ. ಅವಳ ಕಣ್ಣಲ್ಲಿ ನೀರು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಮುತ್ತು ಕೊಟ್ಟವರಲ್ಲ. ನನ್ನಲ್ಲಿ ಉಳಿದಿದ್ದ ಒಂದು ಎಳೆ ಅನುಮಾನವೂ ಅಲ್ಲಿಗೆ ಹೋಯಿತು.

ಏಪ್ರಿಲ್ 2

ಬಟಾಣಿ ಸೂಪು ಮಾಡಲು ಕಲಿತೆ. ಅವಳು ಎಷ್ಟು ದಿನ ಅಂತ ಒಲೆಯ ಮುಂದೆ ನಿಲ್ಲುತ್ತಾಳೆ? ತಳ ಹಿಡಿಯಿತು. ಸೌಟು ನಡುವೆ ಕಂಬದಂತೆ ನಿಂತುಬಿಟ್ಟಿತು. ಹಿಸ್ಕೆ ಒಂದು ಚಮಚ ಬಾಯಿಗಿಟ್ಟು, ಮೇಜು ಹಿಡಿದುಕೊಂಡು ಬಿದ್ದುಬಿದ್ದು ನಕ್ಕಳು. "ಇದನ್ನ ಸಿಟ್ಸೆಗೆ ಕೊಡು, ಹೊಸ್ತಿಲು ಕೂರ್ಸೋಕೆ ಸಿಮೆಂಟ್ ಬೇಡ."

ನಾನೂ ನಕ್ಕೆ. ಈಚೆಗೆ ಅವಳು ಸಣ್ಣದಕ್ಕೂ ನಗುತ್ತಾಳೆ. ಅಮ್ಮನೂ ಕೊನೆಗೆ ಹಗುರವಾಗಿಬಿಟ್ಟಿದ್ದಳು.

ನಾಳೆ ಬೆಂಕಿ ಕಡಿಮೆ ಇಟ್ಟು ಮಾಡಬೇಕು.

ಏಪ್ರಿಲ್ 9

ಬಾಗಿಲಿನ ಬಣ್ಣ ಆರಿಸಿದಳು. ನಮ್ಮ ಬೀದಿ ಹಳೆಯದೆಂದು ಪುರಸಭೆಯವರು ಮನಸ್ಸಿಗೆ ಬಂದ ಬಣ್ಣ ಬಳಿಯಲು ಬಿಡುವುದಿಲ್ಲ. ಒಂದು ಕಡುಹಸಿರಿದೆ, ಒಂದು ಬಿಳಿ ಇದೆ, ಒಂದು ನೀಲಿ ಇದೆ. ಅವಳು ಬಣ್ಣದ ಚೀಟಿಗಳನ್ನು ಕಿಟಕಿಯ ಬಳಿ ಒಯ್ದು, ಒಂದು ತುಂಡು ಬಟ್ಟೆಯ ಪಕ್ಕ ಹಿಡಿದು ಹಿಡಿದು ನೋಡಿದಳು. ತೆಳು ಹಳದಿ ರೇಷ್ಮೆ.

"ಇದ್ಯಾವ ಬಟ್ಟೆ?" ಎಂದೆ.

"ಆವತ್ತು ಉಡೋದು. ಹಸಿರು ಬಾಗಿಲ ಮುಂದೆ ಚೆನ್ನಾಗಿ ಒಪ್ಪುತ್ತೆ, ಅಲ್ವಾ?"

ಒಪ್ಪುತ್ತೆ ಎಂದೆ. ಹಿತ್ತಲಿಗೆ ಹೋಗಿ ಆಲೂಗಡ್ಡೆ ಪಾತಿಯನ್ನೆಲ್ಲ ಅಗೆದು ಹಾಕಿದೆ. ಹೋದ ವಾರವಷ್ಟೇ ನೆಟ್ಟಿದ್ದೆ.

ಏಪ್ರಿಲ್ 22

ಅವಳ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು. ಬಟ್ಟೆ, ಪಿಂಗಾಣಿ ಎಲ್ಲ ವಿಂಗಡಿಸುತ್ತಿದ್ದಾಳೆ. ಹಾಡು ಬೇರೆ ಗುನುಗುತ್ತಾಳೆ.

ಸೂಪು ಈಗ ಸೂಪಿನಂತೆಯೇ ಬರುತ್ತಿದೆ. ನಿನ್ನೆ ನೀಕೆಗೂ ಒಂದು ಬಟ್ಟಲು ಕೊಟ್ಟೆ. ಅವಳು ಅರ್ಧ ಗಂಟೆ ಕೂತು ಮಾತಾಡಿದಳು. ಅಷ್ಟೇನೂ ಕೆಟ್ಟ ಹೆಂಗಸಲ್ಲ. ಇಸ್ತ್ರಿ ಮಾಡುವುದನ್ನೂ ಹೇಳಿಕೊಟ್ಟಳು, ಕಾಲರಿನಿಂದ ಶುರು ಮಾಡಬೇಕಂತೆ.

ಮೇ 7

ಆದದ್ದನ್ನೆಲ್ಲ ಮೊದಲಿಂದ ಬರೆಯುತ್ತೇನೆ.

ನಿನ್ನೆ ಬಾಗಿಲು ಬಂತು, ಹೇಳಿದ್ದಕ್ಕಿಂತ ಒಂದು ವಾರ ಮುಂಚೆಯೇ. ಸಿಟ್ಸೆ ಬೆಳಿಗ್ಗೆಯೇ ಹಳೆಯ ಚೌಕಟ್ಟು ಕಿತ್ತ. ಮನೆಯ ಮುಖಕ್ಕೆ ದೊಡ್ಡ ತೂತು ಬಿದ್ದು, ಬೀದಿಯೆಲ್ಲ ನಮ್ಮ ಒಳಮನೆ ನೋಡುವಂತಾಯಿತು. ಊರಿನವರಿಗೆ ಹಬ್ಬ. ನೀಕೆ ಸಕ್ಕರೆ ಬ್ರೆಡ್ಡು ಕೊಯ್ದು ತಂದಳು. ಯಾರೋ ಗಿಡಮೂಲಿಕೆಯ ಸಾರಾಯಿ ತಂದರು. ಎಲ್ಲರೂ ಅಂಗಳದಲ್ಲಿ ನಿಂತು ಗೋಡೆ ಕೊರೆಯುವುದನ್ನು ನೋಡುತ್ತಾ, ಒಬ್ಬರಿಗಿಂತ ಒಬ್ಬರು ಹೆಚ್ಚು ಸಲಹೆ ಕೊಡುತ್ತಾ ಇದ್ದರು. ಮಧ್ಯಾಹ್ನದ ಹೊತ್ತಿಗೆ ಹಸಿರು ಬಾಗಿಲು ಕೀಲಿನ ಮೇಲೆ ಕೂತಿತು. ಚೆನ್ನಾಗಿದೆ, ಸುಳ್ಳು ಹೇಳಬಾರದು.

ಆಗ ರೀಂಕ್ ಬಂದ. ಬಾಗಿಲು ನೋಡಿದ, ಹಿಸ್ಕೆಯನ್ನು ನೋಡಿದ, ಬಾಯಿ ತುಂಬ ನಕ್ಕು, "ಭೇಷ್! ಆವತ್ತು ಆರಾಮಾಗಿ ಹೊರಗೆ ಬರ್ಬೋದು" ಎಂದ. ಸುತ್ತಲಿದ್ದವರೆಲ್ಲ ಹೋ ಎಂದು ನಕ್ಕು ಲೋಟ ಎತ್ತಿದರು.

ನನಗೆ ತಡೆದುಕೊಳ್ಳಲಾಗಲಿಲ್ಲ. "ನಿಮಗೆಲ್ಲ ಮನುಷ್ಯತ್ವ ಇದ್ಯಾ? ನನ್ನ ತಂಗಿ ಸಾಯ್ತಾ ಇದ್ದಾಳೆ, ನೀವು ಇಲ್ಲಿ ನಿಂತ್ಕೊಂಡು ಬ್ರೆಡ್ಡು ತಿಂತಿದ್ದೀರಲ್ಲ!" ಎಂದು ಕಿರುಚಿದೆ. ನನ್ನ ಜನ್ಮದಲ್ಲೇ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. ಎಲ್ಲರ ಮುಂದೆ ಗೋಳೋ ಎಂದು ಅತ್ತೂಬಿಟ್ಟೆ.

ಸಿಟ್ಸೆಯ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು.

"ಯಾರು ಸಾಯ್ತಿರೋದು?" ಎಂದಳು ಹಿಸ್ಕೆ.

"ನೀನು!"

"ನಾನಾ?"

"ಆಸ್ಪತ್ರೆಗೆ ಹೋಗಿದ್ದೆ. ಬಾಗಿಲು ಉಪಯೋಗಕ್ಕೆ ಬರುತ್ತೆ ಅಂದೆ. ಪೆಟ್ಟಿಗೆ ಕಟ್ತಿದ್ದೀಯಾ. ಹೆಣದ ಬಟ್ಟೆ ಕೂಡ ಆರಿಸ್ಕೊಂಡಿದ್ದೀಯಾ!"

"ಅಯ್ಯೋ ನನ್ನ ಪೆದ್ದೇ! ಆಸ್ಪತ್ರೆಗೆ ಹೋಗಿದ್ದು ಇವನ ಕಣ್ಣು ತೋರ್ಸೋಕೆ. ಅದು ಮದ್ವೆ ಬಟ್ಟೆ ಕಣೋ! ಜೂನ್ ತಿಂಗಳಲ್ಲಿ ನಾನೂ ರೀಂಕೂ ಮದ್ವೆ ಆಗ್ತಿದ್ದೀವಿ. ಇಡೀ ಊರಿಗೇ ಗೊತ್ತು. ಎತ್ತು ಈಯ್ತು ಅಂದ್ರೆ ಕರೂನ ಕೊಟ್ಟಿಗೇಲಿ ಕಟ್ಟು ಅಂದನಂತೆ, ಹಂಗಾಯ್ತು ನಿನ್ನ ಕಥೆ!"

ರೀಂಕ್ ಕಪ್ಪು ಕನ್ನಡಕ ತೆಗೆದು, "ಅದಕ್ಕಾ ನೀನು ಆವತ್ತು ನನ್ನ ಚಟ್ಟ ಅಳೆದಿದ್ದು?" ಎಂದ. ಅಂಗಳ ನಗೆಯಿಂದ ಬಿರಿಯಿತು. ನೀಕೆ ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟಳು. ನನಗೆ ಎಲ್ಲಿಲ್ಲದ ಖುಷಿ, ಎಲ್ಲಿಲ್ಲದ ಅವಮಾನ. ಅವಳು ಸಾಯುವುದಿಲ್ಲ! ಯಾರೋ ಕೊಟ್ಟ ಸಾರಾಯಿಯನ್ನು ಒಂದೇ ಗುಟುಕಿಗೆ ಕುಡಿದೆ.

ನಗದೆ ಇದ್ದವಳು ಹಿಸ್ಕೆ ಒಬ್ಬಳೇ. ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ನನ್ನೆದುರು ಕೂತು ಕೇಳಿದಳು. "ಮದ್ವೆಗೂ ಅದೇ ಬಾಗಿಲು, ಮಣ್ಣಿಗೂ ಅದೇ ಬಾಗಿಲು. ನಿಂಗೆ ಹೆಣವೇ ಯಾಕೆ ಕಂಡಿದ್ದು, ವೊಬ್ಬೆ? ನಾನು ಮದುಮಗಳಾಗ್ಬೋದು ಅಂತ ಒಂದೇ ಒಂದು ಸಲ ಹೊಳೀಲಿಲ್ವಾ?"

ಹೊಳೆದಿರಲಿಲ್ಲ. ಇಲ್ಲ ಎಂದೆ.

"ನಿನ್ನನ್ನ ಒಬ್ಬನೇ ಬಿಟ್ಟು ಹೋಗೋದು ಹೆಂಗೆ ಅಂತ ಎರಡು ವರ್ಷ ರೀಂಕ್‌ನ ಕಾಯಿಸ್ದೆ. ಒಂದು ಮೊಟ್ಟೆ ಬೇಯಿಸೋಕೆ ಬರದವನು ನೀನು. ಆಮೇಲೆ ನೀನು ಪಾತ್ರೆ ತೊಳೆಯೋಕೆ ಶುರು ಮಾಡಿದೆ, ಸೂಪು ಮಾಡಿದೆ, ಓಕ್ ಬಾಗಿಲು ತರಿಸಿದೆ. ಅರ್ಥ ಮಾಡ್ಕೊಂಡು ಬಾಯಿ ಬಿಟ್ಟು ಹೇಳ್ದೇನೇ ಒಪ್ಪಿಗೆ ಕೊಟ್ಟಿದ್ದಾನೆ, ನಮ್ಮಣ್ಣ ಎಂಥ ದೊಡ್ಡ ಮನುಷ್ಯ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದ್ದೀನಿ ಕಣೋ."

ಎದ್ದು ಹೋಗಿ ಮಲಗಿದಳು.

ಮೇ 9

ಹಿಸ್ಕೆ ಎರಡು ದಿನದಿಂದ ಹೂಂ, ಉಹೂಂ ಬಿಟ್ಟರೆ ಮಾತಾಡಿಲ್ಲ. ನನಗೂ ಸಿಟ್ಟಿದೆ. ಆರು ಸಾವಿರ ಯೂರೋ! ಮದುವೆ ಎಂದು ಮೊದಲೇ ಹೇಳಿದ್ದರೆ ಪ್ಲಾಸ್ಟಿಕ್ಕಿನದು ಸಾಕು ಎನ್ನುತ್ತಿದ್ದೆ.

ಈ ಸಾಲನ್ನು ಬರೆದು, ಓದಿ, ನನಗೇ ನಾಚಿಕೆಯಾಯಿತು. ಸತ್ತ ತಂಗಿಗೆ ಓಕ್, ಬದುಕಿರುವ ತಂಗಿಗೆ ಪ್ಲಾಸ್ಟಿಕ್. ಹೊಡೆದು ಹಾಕುವುದಿಲ್ಲ, ಇರಲಿ.

ಸಂಜೆ ಮೆಟ್ಟಿಲು ಹತ್ತಿ ಅವಳ ಕೋಣೆಗೆ ಹೋದೆ. "ಹಳದಿ ಬಟ್ಟೆ ಉಟ್ಟು ತೋರ್ಸು" ಎಂದೆ.

"ಯಾಕೆ?"

"ನೋಡ್ಬೇಕು. ಮದುಮಗಳ ಹಾಗೆ ಹೇಗೆ ಕಾಣ್ತೀಯಾ ಅಂತ ನೋಡ್ಬೇಕು."

ಉಟ್ಟು ಬಂದಳು. ಸೊಂಟದ ಹತ್ತಿರ ಇನ್ನೂ ಗುಂಡುಸೂಜಿಗಳಿದ್ದವು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿಕೊಂಡೇ ಬಂದ ಮುಖ. ಅವಳು ಇಷ್ಟು ಲಕ್ಷಣವಾಗಿದ್ದಾಳೆ ಎಂದು ನನಗೆ ಯಾರೂ ಹೇಳಿರಲೇ ಇಲ್ಲ. ಹಾಗೆಂದೇ ಅವಳಿಗೆ ಹೇಳಿದೆ.

"ಹೋಗೋ, ಸೂಜಿ ಚುಚ್ಚುತ್ತೆ, ದೂರ ನಿಂತ್ಕೋ" ಎಂದಳು. ಸಿಟ್ಟು ಇಳಿದಿತ್ತು.

ಜೂನ್ 14

ಮದುವೆ ಆಯಿತು. ಆದರೆ ಬಾಗಿಲಿನ ಕಥೆ ಬರೆಯಲೇಬೇಕು.

ಹೊರಗೆ ಇಡೀ ಬೀದಿ ಸೇರಿತ್ತು. ಒಳಗೆ ನಾವಿಬ್ಬರು. ಅವಳು ಹಳದಿ ರೇಷ್ಮೆಯಲ್ಲಿ, ನಾನು ನಾನೇ ಇಸ್ತ್ರಿ ಮಾಡಿದ ಅಂಗಿಯಲ್ಲಿ. ಮದುಮಗನಾದ ರೀಂಕ್‌ನ ಬದಲು ಯಾರೋ ಚರ್ಚಿನ ಗಂಟೆ ಹೊಡೆದರು. ಬೀಗ ತೆಗೆದು ಬಾಗಿಲು ಎಳೆದೆ. ಬರಲಿಲ್ಲ. ಎರಡೂ ಕೈಯಲ್ಲಿ ಎಳೆದೆ. ಊಹೂಂ. ಹೊಸ ಬಣ್ಣ ಚೌಕಟ್ಟಿಗೆ ಅಂಟಿಕೊಂಡು ಗಟ್ಟಿಯಾಗಿಬಿಟ್ಟಿತ್ತು. ಸಿಟ್ಸೆ ಹಾಕಿ ಹೋದ ಮೇಲೆ ನಾವು ಅದನ್ನು ಒಂದು ಸಲವೂ ತೆರೆದಿರಲಿಲ್ಲ. ಕಾರಣವಿಲ್ಲದೆ ಮುಂಬಾಗಿಲನ್ನು ಯಾರಾದರೂ ತೆರೆಯುತ್ತಾರೆಯೆ?

"ಏನಾಯ್ತು?" ಎಂದು ಹೊರಗಿಂದ ರೀಂಕ್.

"ಅಂಟ್ಕೊಂಡಿದೆ! ತಳ್ಳು!"

"ದಿನಾ ಒಂದ್ಸಲ ತೆಗೆದು ಹಾಕ್ಬೇಕಲ್ವಾ ಮಾಮ! ಬಾಗಿಲು ಅಂದ್ಮೇಲೆ ಎಲ್ರೂ ತೆಗೀತಾರೆ ಅಂದ್ಕೊಂಡಿದ್ದೆ!" ಎಂದು ಸಿಟ್ಸೆ ಕೂಗಿದ. ಅವನೂ ಇದೇ ಊರಲ್ಲಿ ಹುಟ್ಟಿದವನು, ಅವನ ಮನೆಯ ಮುಂಬಾಗಿಲಿಗೆ ಬಳ್ಳಿ ಹಬ್ಬಿದೆ.

"ಹಿತ್ತಲಿಂದ ಹೋಗೋಣ ಬಿಡು" ಎಂದೆ, ಬೆವರು ಒರೆಸಿಕೊಳ್ಳುತ್ತಾ.

"ಸತ್ರೂ ಇಲ್ಲ!" ಎಂದಳು ಹಿಸ್ಕೆ. ಹಳದಿ ರೇಷ್ಮೆಯನ್ನು ಮೊಣಕಾಲವರೆಗೆ ಎತ್ತಿಕೊಂಡು, ಹಿಡಿಕೆಗೆ ನನ್ನ ಕೈಯ ಮೇಲೆ ತನ್ನ ಕೈ ಹಾಕಿದಳು. ಹೊರಗೆ ಗಂಡಸರೆಲ್ಲ ಭುಜ ಕೊಟ್ಟರು. ಒಳಗೆ ನಾವಿಬ್ಬರೂ ಎಳೆದೆವು. ಬಾಗಿಲು ಸಿಡಿದು ತೆರೆದು, ನಾನು ಅಂಡೂರಿ ಬಿದ್ದೆ. ನನ್ನ ಮೇಲೆ ರೀಂಕ್ ಬಿದ್ದ. ಮದುಮಗಳು ಮಾತ್ರ ಗೋಡೆ ಹಿಡಿದು ನಿಂತು ಕಣ್ಣೀರು ಬರುವಂತೆ ನಗುತ್ತಿದ್ದಳು. ಒಳಗೆಲ್ಲ ಬಿಸಿಲು.

ಎದ್ದು ಧೂಳು ಕೊಡವಿಕೊಂಡು ಅವಳಿಗೆ ತೋಳು ಕೊಟ್ಟೆ. ಇಬ್ಬರೂ ಜೊತೆಗೇ ಹೊಸ್ತಿಲು ದಾಟಿದೆವು. ಬಾಗಿಲು ಅಷ್ಟು ಅಗಲವಿದೆ.

ಜೂನ್ 18

ಮನೆ ಬಿಕೋ ಎನ್ನುತ್ತದೆ. ಇದು ನನಗೆ ಮಾತ್ರ ಬರೆದದ್ದಾದ್ದರಿಂದ ಬರೆದುಬಿಡುತ್ತೇನೆ. ಬೆಳಿಗ್ಗೆ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ, ಎರಡನ್ನೂ ಕುಡಿದೆ.

ಮಳೆ ನಿಂತ ಮೇಲೆ ಕಾಲುವೆ ದಾಟಿ ಅವರ ಮನೆಗೆ ಹೋದೆ. ಕರೆಯದೆ, ತಟ್ಟದೆ, ಹಿತ್ತಲಿಂದಲೇ ಅಡುಗೆಮನೆಗೆ ನುಗ್ಗಿದೆ. ಹಿಸ್ಕೆ ಆಗತಾನೆ ನೆಲ ಒರೆಸಿ, ಕೋಲು ಹಿಡಿದು ನಿಂತಿದ್ದಳು.

"ಏಯ್! ಶೂ! ನಿನ್ನ ಕಣ್ಣಿಗೇನು ಪೊರೆ ಬಂದಿದ್ಯಾ? ಆ ಕೆಸರೆಲ್ಲ ಯಾರು ಬಳೀತಾರೆ, ನಿಮ್ಮಪ್ಪನಾ? ಅರವತ್ನಾಲ್ಕು ವರ್ಷ ಆಯ್ತು, ಕತ್ತೆ ವಯಸ್ಸಾಯ್ತು, ಇನ್ನೂ ಒಂದು ಶೂ ಬಿಚ್ಚಿ ಒಳಗೆ ಬರೋಕೆ ಗೊತ್ತಿಲ್ಲ..."

ಗಟ್ಟಿ ದನಿ. ಒಳ್ಳೆ ಉಸಿರು. ಕೆನ್ನೆ ಕೆಂಪಗಿದೆ. ಇನ್ನು ಇಪ್ಪತ್ತು ವರ್ಷಕ್ಕೆ ಏನೂ ಮೋಸವಿಲ್ಲ.

ನಾನು ಶೂ ಬಿಚ್ಚಲಿಲ್ಲ. ಇನ್ನೂ ಸ್ವಲ್ಪ ಬೈಯಲಿ ಎಂದು ಹಾಗೇ ನಿಂತಿದ್ದೆ.